ಅಡ್ಡ ಬಂದವರು

ಬೆಂಗಳೂರಿನಿಂದ ಮೈಸೂರಿಗೆ ಈಗ ಒಂದೂವರೆ ಗಂಟೆಯಂತೆ. ನಮ್ಮ ದೊಡ್ಡವ್ವನ ಮನೆಯಿಂದ ಹಾಲಿನ ಡೇರಿಗೆ ಮುಕ್ಕಾಲು ಗಂಟೆ. ಮೊದಲನೆಯದು 118 ಕಿಲೋಮೀಟರ್. ಎರಡನೆಯದು ಜಗಲಿ ಮೇಲೆ ನಿಂತು ಕೂಗಿದರೆ ಕೇಳುವಷ್ಟು ದೂರ. ಕೇಳುತ್ತಿತ್ತು ಅನ್ನಬೇಕು, ಈಗ ಕಾರುಗಳ ಸದ್ದಿನಲ್ಲಿ ಅದೂ ಇಲ್ಲ.

ನಮ್ಮೂರು ಮಂಡ್ಯ ಜಿಲ್ಲೆಯದು. 2023ರ ಮಾರ್ಚ್ 12ರಂದು ಪ್ರಧಾನಿಗಳು ನಮ್ಮ ಜಿಲ್ಲೆಗೇ ಬಂದು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದಾಗ ನಾವೂ ಚಪ್ಪಾಳೆ ತಟ್ಟಿದವರೇ. ಸುಮಾರು 8,480 ಕೋಟಿ ರೂಪಾಯಿಯ ಕೆಲಸ. ನಡುವೆ ಆರು ಲೇನು, ಎರಡೂ ಪಕ್ಕದಲ್ಲಿ ಎರಡೆರಡು ಲೇನಿನ ಸರ್ವೀಸ್ ರೋಡು, ಒಟ್ಟು ಹತ್ತು. ಹತ್ತಕ್ಕೆ ಹತ್ತೂ ಉದ್ದಕ್ಕೇ ಹೋಗುತ್ತವೆ. ಊರು ಅಂದಮೇಲೆ ಅಡ್ಡ ಓಡಾಡುವವರೂ ಇರುತ್ತಾರೆ, ಗದ್ದೆ ಆ ಕಡೆ ಇರುತ್ತದೆ, ಸ್ಕೂಲು ಈ ಕಡೆ ಇರುತ್ತದೆ ಅನ್ನೋದು ನಕ್ಷೆ ಬರೆದವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಅಳಿಸಿಬಿಟ್ಟರೋ.

ಅಂಡರ್‌ಪಾಸ್ ಇದೆ, ಸುಳ್ಳು ಹೇಳಬಾರದು. ಒಂದೂವರೆ ಕಿಲೋಮೀಟರ್ ನಡೆದರೆ ಸಿಗುತ್ತದೆ. ಅದರೊಳಗೆ ನುಸುಳಿ ಆ ಕಡೆ ಎದ್ದು ಮತ್ತೆ ಒಂದೂವರೆ ಕಿಲೋಮೀಟರ್ ವಾಪಸ್ ನಡೆದರೆ, ಹೊರಟ ಜಾಗದ ಸರಿಯಾಗಿ ಎದುರಿಗೆ ಬಂದು ನಿಲ್ಲುತ್ತೀರಿ. ಅಲ್ಲಿಂದ ನಿಮ್ಮ ಮನೆ ಹಿತ್ತಿಲು ಚೆನ್ನಾಗಿ ಕಾಣುತ್ತದೆ. ಒಲೆ ಮೇಲಿಟ್ಟು ಬಂದ ಅನ್ನ ಸೀದು ಹೊಗೆ ಬರುತ್ತಿದ್ದರೆ ಅದೂ ಕಾಣುತ್ತದೆ.

ನಮ್ಮ ಕಡೆಯ ರೈತರು ಈ ಹೈವೇಗೆ ಏರಿ ಅನ್ನುತ್ತಾರೆ. ಮಣ್ಣು ಪೇರಿಸಿ ಅಷ್ಟೆತ್ತರ ಕಟ್ಟಿದ್ದನ್ನು ಇನ್ನೇನು ಅನ್ನಬೇಕು? ನಮ್ಮ ಹಿರಿಯರು ನೀರು ನಿಲ್ಲಿಸೋಕೆ ಅಂತ ಏರಿ ಕಟ್ಟುತ್ತಿದ್ದರು. ಇವರು ಏರಿ ಕಟ್ಟಿದರು, ಕೆರೆ ಆಮೇಲೆ ತಾನಾಗಿಯೇ ಬಂತು. ಉದ್ಘಾಟನೆಯಾಗಿ ವಾರ ತುಂಬುವ ಮೊದಲೇ ರಾಮನಗರದ ಸಂಗಬಸವನದೊಡ್ಡಿ ಹತ್ತಿರ ಅಂಡರ್‌ಪಾಸಿನಲ್ಲಿ ನೀರು ನಿಂತು ಕಾರುಗಳು ತೇಲುವ ಸ್ಥಿತಿಗೆ ಬಂದಿದ್ದವು, ನೆನಪಿದೆ ಅಲ್ವಾ? ಅದು ಕಾರಿನವರಿಗೆ ಆಗಿದ್ದಕ್ಕೆ ಟೀವಿಯಲ್ಲಿ ಬಂತು. ನಮ್ಮ ಅಂಡರ್‌ಪಾಸಿನಲ್ಲಿ ಮಳೆಗಾಲ ಪೂರ್ತಿ ಮಂಡಿಯುದ್ದ ನೀರು, ಹುಡುಗರು ಸಮವಸ್ತ್ರದ ಪ್ಯಾಂಟು ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ. ಅದಕ್ಕೆ ಯಾವ ಕ್ಯಾಮೆರಾನೂ ಬರಲಿಲ್ಲ.

ಸೈಕಲ್ ಕಥೆ ಇನ್ನೂ ಚೆನ್ನಾಗಿದೆ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಮತ್ತು ಎಂಜಿನ್ ಇಲ್ಲದ ಗಾಡಿಗಳು ಮುಖ್ಯ ರಸ್ತೆಗೆ ಹತ್ತುವಂತಿಲ್ಲ. ನಿಜ ಹೇಳಬೇಕು ಅಂದರೆ ಅದು ಸರಿಯೇ, ನೂರರ ಸ್ಪೀಡಿನಲ್ಲಿ ಕಾರು ಬರುವ ಕಡೆ ಟ್ರ್ಯಾಕ್ಟರ್ ಓಡಿಸೋದು ಜೀವದ ಜೊತೆ ಆಟ. ಆದರೆ ಹಾಗೆ ಕೆಳಗಿಳಿಸಿದವರೆಲ್ಲ ಸರ್ವೀಸ್ ರೋಡಿಗೇ ಬಂದರು. ಕಬ್ಬು ತುಂಬಿದ ಟ್ರ್ಯಾಕ್ಟರ್, ಟೋಲ್ ಉಳಿಸೋಕೆ ಬಂದ ಕಾರು, ರಾಂಗ್ ಸೈಡಿನಲ್ಲಿ ನುಗ್ಗುವ ಬೈಕು, ಎದುರು ಬಸ್ಸು, ಇವೆಲ್ಲದರ ನಡುವೆ ಎಂಟನೇ ಕ್ಲಾಸಿನ ಹುಡುಗಿಯ ಸೈಕಲ್ಲು. 2006-07ರಲ್ಲಿ ಸರ್ಕಾರವೇ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋದು ಶುರುಮಾಡಿತ್ತು, ಕೊರೊನಾ ಬಂದಾಗ ನಿಲ್ಲಿಸಿತು. ನಮಗೆ ಆಗ ಬೇಜಾರಾಗಿತ್ತು. ಈಗ ನೋಡಿದರೆ ಎಂಥಾ ದೂರದೃಷ್ಟಿ! ಸೈಕಲ್ಲೇ ಇಲ್ಲದಿದ್ದರೆ ಸೈಕಲ್‌ಗೆ ದಾರಿ ಎಲ್ಲಿ ಅಂತ ಯಾರು ಕೇಳುತ್ತಾರೆ?

ಸ್ಕೈವಾಕ್ ಕೊಡಿ ಅಂತ ಅರ್ಜಿ ಹಾಕಿದೆವು. ಪಕ್ಕದೂರಿಗೆ ಒಂದು ಬಂದಿದೆ, ಹೋಗಿ ನೋಡಿಕೊಂಡು ಬಂದೆ. ಬರೀ ಮೆಟ್ಟಿಲು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತಿದರೆ ಮೇಲೆ ಗಾಳಿ ಮಾತ್ರ ಚೆನ್ನಾಗಿ ಬೀಸುತ್ತದೆ. ನಮ್ಮ ದೊಡ್ಡವ್ವನಿಗೆ ಹೇಳಿದೆ. ‘ಮಂಡಿ ಚಿಪ್ಪು ಅವರೇ ಹಾಕ್ಸಿಕೊಡ್ತಾರಂತಾ?’ ಅಂತ ಕೇಳಿದಳು. ಹಸು ಹತ್ತುತ್ತಾ ಅನ್ನೋದು ಅವಳ ಎರಡನೇ ಪ್ರಶ್ನೆ.

ಊರಲ್ಲಿ ಇನ್ನೂ ಏನೇನೋ ಬದಲಾಗಿದೆ. ಹೆಣ್ಣು ನೋಡೋಕೆ ಬಂದವರು ಮೊದಲು ಕೇಳೋದು ಜಮೀನೆಷ್ಟು ಅಂತಲ್ಲ, ಮನೆ ರಸ್ತೆಯ ಯಾವ ಕಡೆ ಅಂತ. ನಮ್ಮೂರಲ್ಲೇ ಆ ಕಡೆಗೆ ಮಗಳನ್ನು ಕೊಟ್ಟವರು ಈಗ ಪರಊರಿಗೆ ಕೊಟ್ಟೆವು ಅನ್ನುತ್ತಾರೆ. ಹಬ್ಬದಲ್ಲಿ ಮಾರಮ್ಮ ಮೊದಲೆಲ್ಲ ತಲೆ ಮೇಲೆ ಕುಳಿತು ಊರು ಪೂರ್ತಿ ಸುತ್ತುತ್ತಿದ್ದಳು. ಈ ಸಲ ಗೂಡ್ಸ್ ಆಟೊ ಹತ್ತಿ, ಸರ್ವೀಸ್ ರೋಡಿನಲ್ಲಿ ಯೂಟರ್ನ್ ತಗೊಂಡು ಬಂದಳು. ತಮಟೆಯವರು ಹಿಂದಿನ ಆಟೊದಲ್ಲಿ.

ಸರ್ಕಾರದ್ದೇ ಲೆಕ್ಕ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅದರಲ್ಲಿ ಸುಮ್ನೆ ನಡೆದು ಹೋಗುತ್ತಿದ್ದವರೇ 32,825. ಇಂಥ ಸಾವು ಪೇಪರಿನಲ್ಲಿ ಬರುವಾಗ ಒಂದು ಸಾಲು ತಪ್ಪದೆ ಇರುತ್ತದೆ: ರಸ್ತೆ ದಾಟುವಾಗ ದಿಢೀರನೆ ಅಡ್ಡ ಬಂದ. ಅಪ್ಪನ ಕಾಲದಿಂದ ಅದೇ ಹಾದಿಯಲ್ಲಿ ಗದ್ದೆಗೆ ಹೋಗುತ್ತಿದ್ದವನು ಒಂದು ದಿನ ದಿಢೀರನೆ ಅಡ್ಡ ಬಂದುಬಿಟ್ಟ!

ಹಾಗಾಗಿ ಬೇಲಿ ಹಾಕಿದ್ದಾರೆ. ಒಳ್ಳೆ ಗಟ್ಟಿ ಕಬ್ಬಿಣದ ಬೇಲಿ. ಅದರಲ್ಲಿ ಒಂದು ಕಂಡಿ ಇದೆ. ಯಾರು ಕಿತ್ತರು ಅಂತ ಕೇಳಬೇಡಿ, ಊರಲ್ಲಿ ಯಾರಿಗೂ ಗೊತ್ತಿಲ್ಲ. ಚೂಪಾದ ತುದಿಗೆ ಗೋಣಿಚೀಲ ಸುತ್ತಿ ಕಟ್ಟಿದ್ದಾರೆ, ಸೀರೆ ಸಿಗಬಾರದು ಅಂತ. ಕಾಲಿಡೋಕೆ ಒಂದು ಚಪ್ಪಡಿ ಕಲ್ಲೂ ಇದೆ. ಬೆಳಗ್ಗೆ ಆರಕ್ಕೆ ದೊಡ್ಡವ್ವ ಮೊದಲು ಹಾಲಿನ ಕ್ಯಾನನ್ನು ಆ ಕಡೆ ಇಳಿಸಿ, ಆಮೇಲೆ ತಲೆ ತಗ್ಗಿಸಿ ತಾನು ತೂರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕಡೆ ನೋಡುತ್ತಾಳೆ. ಡೇರಿ ಏಳಕ್ಕೆ ಮುಚ್ಚುತ್ತದೆ. ಸುತ್ತಿ ಬಳಸಿ ಹೋದ ದಿನ ಎಷ್ಟೋ ಸಲ ಹಾಲು ವಾಪಸ್ ಬಂದಿದೆ. ಇದು ತಪ್ಪು, ಅಪಾಯ, ನಾನೂ ಬೈದಿದ್ದೇನೆ. ಬೈದವನು ನಾನೂ ಅದೇ ಕಂಡಿಯಲ್ಲಿ ಹೋಗುತ್ತೇನೆ, ಅದು ಬೇರೆ ಮಾತು.

ಹೋದ ವಾರ ಕಂಡಿ ಮುಚ್ಚೋಕೆ ವೆಲ್ಡಿಂಗ್ ಹುಡುಗನೊಬ್ಬ ಬಂದಿದ್ದ. ಪಾಪ, ಹೇಳಿದ ಕೆಲಸ ಮಾಡುವವನು. ಗೋಣಿಚೀಲ ಬಿಚ್ಚಿ ಮಡಚಿ ದೊಡ್ಡವ್ವನ ಕೈಗೇ ಕೊಟ್ಟ. ಹೊಸ ಸರಳು ಕೂರಿಸಿ ಎರಡು ಗಂಟೆ ಕಿಡಿ ಹಾರಿಸಿದ. ಎಲ್ಲ ಮುಗಿಸಿ ಕೈ ಒರೆಸಿಕೊಂಡು ನೋಡುತ್ತಾನೆ, ಅವನ ಬೈಕೂ ಊಟದ ಡಬ್ಬಿಯೂ ಆ ಕಡೆ ಸರ್ವೀಸ್ ರೋಡಿನಲ್ಲಿ ನಿಂತಿವೆ.

‘ಅಣ್ಣ, ಆ ಕಡೆಗೆ ಹೋಗೋದು ಹೆಂಗೆ?’ ಅಂತ ಕೇಳಿದ.

ಅಂಡರ್‌ಪಾಸ್ ಕಡೆ ಕೈ ತೋರಿಸಿದೆ. ಬಿಸಿಲು ನೋಡಿದ, ದೂರ ನೋಡಿದ, ನನ್ನ ಮುಖ ನೋಡಿದ. ದೊಡ್ಡವ್ವನಿಗೆ ತಡೆಯಲಾಗಲಿಲ್ಲ. ‘ಬಾ ಮಗ’ ಅಂತ ಕರೆದುಕೊಂಡು ಹೋಗಿ, ನಾಲೆ ಪಕ್ಕದ ಇನ್ನೊಂದು ಕಂಡಿ ತೋರಿಸಿದಳು.