ನಾಮಕರಣ ಮುಗಿಯದ ರಾಜಧಾನಿ

ಹುಟ್ಟಿದ ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಉಸುರುವ ಶಾಸ್ತ್ರವನ್ನು ಆಯುಸ್ಸಿಗೊಮ್ಮೆ ಮಾಡಿ ಮುಗಿಸುವುದು ಲೋಕರೂಢಿ. ಕಜಾಕಸ್ತಾನದ ರಾಜಧಾನಿ ಈ ರೂಢಿಗೆ ಒಳಪಟ್ಟಿಲ್ಲ. ಇಶಿಮ್ ನದಿಯ ದಂಡೆಯಲ್ಲಿ 1830ರಲ್ಲಿ ರಷ್ಯಾ ಸಾಮ್ರಾಜ್ಯದ ಠಾಣೆಯಾಗಿ ಹುಟ್ಟಿ, ಅಕ್ಮೋಲಿನ್ಸ್ಕ್ ಎಂದು ಕರೆಸಿಕೊಂಡ ಈ ಊರು, ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಬೆಳೆದೇ ತೀರುತ್ತೇವೆಂದು ಹೊರಟ ಸೋವಿಯತ್ ನಾಯಕ ಕ್ರುಶ್ಚೇವರ ಉತ್ಸಾಹದಲ್ಲಿ 1961ರಲ್ಲಿ ತ್ಸೆಲಿನೊಗ್ರಾದ್ ಆಯಿತು. ಸೋವಿಯತ್ ಒಕ್ಕೂಟ ಮುಳುಗಿದ ಮೇಲೆ 1992ರಲ್ಲಿ ಅಕ್ಮೊಲಾ ಆಯಿತು. 1997ರ ಡಿಸೆಂಬರಿನಲ್ಲಿ ಅಲ್ಮಾಟಿಯಿಂದ ಬಂದ ರಾಜಧಾನಿ ಗಂಟುಮೂಟೆ ಬಿಚ್ಚಿ ಮುಗಿಸುವ ಮೊದಲೇ, 1998ರಲ್ಲಿ, ಅಸ್ತಾನಾ ಆಯಿತು. 2019ರಲ್ಲಿ ನೂರ್‌ಸುಲ್ತಾನ್, 2022ರಲ್ಲಿ ಮರಳಿ ಅಸ್ತಾನಾ. 1960ರಲ್ಲಿ ಅಲ್ಲಿ ಹುಟ್ಟಿ, ಒಂದೇ ಮನೆಯಲ್ಲಿ ಬಾಳಿದ ಹಿರಿಯರಿದ್ದರೆ, ಹೊಸ್ತಿಲು ದಾಟದೆಯೇ ಐದು ಹೆಸರಿನ ಊರುಗಳನ್ನು ಕಂಡ ದೇಶಸಂಚಾರಿಗಳು ಅವರು.

ಇಷ್ಟು ನಾಮಕರಣಗಳಲ್ಲಿ ಅತ್ಯಂತ ಸಂಭ್ರಮದ್ದು 2019ರದ್ದು. ಸುಮಾರು ಮೂರು ದಶಕ ಆಳಿದ ನೂರ್‌ಸುಲ್ತಾನ್ ನಜರ್‌ಬಾಯೆವ್ ಅವರು ಮಾರ್ಚ್ 19ರಂದು ದೂರದರ್ಶನದಲ್ಲಿ ಕಾಣಿಸಿಕೊಂಡು ರಾಜೀನಾಮೆ ಪ್ರಕಟಿಸಿದರು. ಮರುದಿನ ಪ್ರಮಾಣವಚನ ಸ್ವೀಕರಿಸಿದ ಕಾಸಿಮ್‌ಜೊಮಾರ್ತ್ ತೊಕಾಯೆವ್ ಅವರು, ಕುರ್ಚಿ ಇನ್ನೂ ಬೆಚ್ಚಗಾಗಿರಲಿಲ್ಲ, ರಾಜಧಾನಿಗೆ ಹಿರಿಯರ ಹೆಸರಿಡಬೇಕೆಂದು ಸೂಚಿಸಿದರು. ರಾಜಧಾನಿಯ ಹೆಸರು ಸಂವಿಧಾನದಲ್ಲೇ ಇದ್ದುದರಿಂದ ಸಂವಿಧಾನವನ್ನೇ ತಿದ್ದಬೇಕಿತ್ತು. ಸಂಸತ್ತು ಅದೇ ದಿನ ಅನುಮೋದಿಸಿತು. ಅದೇ ದಿನ ನಿವೃತ್ತರ ಹಿರಿಯ ಮಗಳು ಸಂಸತ್ತಿನ ಮೇಲ್ಮನೆಯ ಅಧ್ಯಕ್ಷರಾದರು. ಒಂದು ಜಾತಿ ಪ್ರಮಾಣಪತ್ರಕ್ಕೆ ತಿಂಗಳುಗಟ್ಟಲೆ ಅಲೆಯುವ ನಮ್ಮಂಥವರಿಗೆ ಈ ದಕ್ಷತೆಯನ್ನು ಕಂಡು ಹೊಟ್ಟೆಕಿಚ್ಚಾಗದೆ ಇರದು. ಊರಿನವರನ್ನು ಕೇಳುವ ವಿಳಂಬವನ್ನು ತಪ್ಪಿಸಿದ್ದರಿಂದಲೇ ಇದು ಸಾಧ್ಯವಾಯಿತು. ಕೇಳದೆಯೇ ಅಭಿಪ್ರಾಯ ಹೇಳಲು ಬೀದಿಗೆ ಬಂದವರನ್ನು ಪೊಲೀಸರು ವಾಹನ ಹತ್ತಿಸಿದರು. ಮೇ ತಿಂಗಳಲ್ಲಿ ಒರಾಲ್ ನಗರದ ಯುವಕನೊಬ್ಬ ಏನೂ ಬರೆಯದ ಬಿಳಿಯ ಫಲಕವನ್ನು ಹಿಡಿದು ನಿಂತಾಗ ಅವನನ್ನೂ ಠಾಣೆಗೆ ಕರೆದೊಯ್ದರು; ಹೆಸರುಗಳು ಇಷ್ಟು ಬೇಗ ಬದಲಾಗುವ ದೇಶದಲ್ಲಿ ಖಾಲಿ ಫಲಕವನ್ನು ಕಂಡು ಅಧಿಕಾರಿಗಳಿಗೆ ಗಾಬರಿಯಾಗುವುದು ಸಹಜವೇ.

ಹೆಸರು ಇಡುವ ಮೊದಲೂ ಊರು ಅವರದ್ದೇ ಆಗಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ನಗರದ ನಡುವಿನ ಬಾಯ್ತೆರೆಕ್ ಗೋಪುರದಲ್ಲಿ, ರಾಜಧಾನಿ ಬಂದ 1997ರ ನೆನಪಿಗಾಗಿ ಸರಿಯಾಗಿ 97 ಮೀಟರ್ ಎತ್ತರಕ್ಕೆ ಕಟ್ಟಿದ ವೀಕ್ಷಣಾ ಅಂಗಳವಿದೆ. ಅಲ್ಲಿ ಚಿನ್ನದ ಬಣ್ಣದ ಗೋಳದೊಳಗೆ ನಜರ್‌ಬಾಯೆವ್ ಅವರ ಅಂಗೈಯ ಅಚ್ಚೊಂದಿದ್ದು, ಅದರಲ್ಲಿ ತಮ್ಮ ಕೈಯಿಟ್ಟು ಹರಕೆ ಮಾಡಿಕೊಳ್ಳಲು ಜನ ಸರದಿಯಲ್ಲಿ ನಿಲ್ಲುತ್ತಾರೆ. ದೇವರ ಪಾದ ಹಿಡಿಯುವುದನ್ನು ಕಂಡಿದ್ದೇವೆ; ಅಧ್ಯಕ್ಷರ ಕೈ ಹಿಡಿಯುವುದರಲ್ಲಿ ಸೊಂಟ ಬಗ್ಗಿಸುವ ಕಷ್ಟವಾದರೂ ಇಲ್ಲ. ಅಲ್ಲಿಂದ ಕಾಣುವ ಖಾನ್ ಶಾತಿರ್, ನಾರ್ಮನ್ ಫಾಸ್ಟರ್ ವಿನ್ಯಾಸಗೊಳಿಸಿದ 150 ಮೀಟರ್ ಎತ್ತರದ, ಡೇರೆಯಾಕಾರದ ಮಾಲ್. ಅದು 2010ರಲ್ಲಿ, ನಾಯಕರ 70ನೆಯ ಹುಟ್ಟುಹಬ್ಬದ ಹೊತ್ತಿಗೆ ಉದ್ಘಾಟನೆಯಾಯಿತು. ಚಳಿಗಾಲದಲ್ಲಿ ಹೊರಗೆ ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಗಾಳಿ ಬೀಸುವಾಗ ಒಳಗೆ ಮರಳು ಹಾಸಿದ ಕಡಲತೀರದಲ್ಲಿ ಜನ ಚಡ್ಡಿಯಲ್ಲಿ ಮಲಗಿರುತ್ತಾರೆ. ಸಮುದ್ರವನ್ನೇ ಒಳಗೆ ಕರೆಸಿಕೊಂಡವರಿಗೆ ಒಂದು ಹೆಸರು ಯಾವ ಲೆಕ್ಕ?

ಆದರೆ 2022ರ ಜನವರಿಯಲ್ಲಿ ಪ್ರತಿಭಟನೆಗಳಿಂದ ಬೀದಿಗಳು ಹೊತ್ತಿ ಉರಿದವು, ಹಳೆಯ ನಾಯಕರ ದೆಸೆ ತಿರುಗಿತು. ಸಂವಿಧಾನದಲ್ಲಿ ಅವರಿಗಿದ್ದ ವಿಶೇಷ ಸ್ಥಾನವನ್ನು ಜೂನ್ ತಿಂಗಳ ಜನಮತಗಣನೆ ತೆಗೆದುಹಾಕಿತು. ಸೆಪ್ಟೆಂಬರಿನಲ್ಲಿ ಊರಿನ ಹೆಸರೂ ಹೋಯಿತು. ಹೆಸರಿಡಬೇಕೆಂದು ಮೊದಲು ಸೂಚಿಸಿದ ತೊಕಾಯೆವ್ ಅವರೇ ಅದನ್ನು ಅಳಿಸಿದರು. ಅದೇ ತಿದ್ದುಪಡಿಯಲ್ಲಿ ಅಧ್ಯಕ್ಷರ ಅವಧಿಯನ್ನು ಏಳು ವರ್ಷಕ್ಕೆ ಏರಿಸಿಕೊಳ್ಳಲಾಯಿತು. ಸಾಣೆ ಹಿಡಿಯುವವನನ್ನು ಮನೆಗೆ ಕರೆಸಿದ ಮೇಲೆ ಕತ್ತರಿಯನ್ನೂ ಕೊಟ್ಟುಬಿಡುವುದು ಜಾಣತನ.

ವೈದ್ಯಕೀಯ ಓದಲು ಭಾರತದಿಂದ ಕಜಾಕಸ್ತಾನಕ್ಕೆ ಹೋಗುವ ಮಕ್ಕಳು ಕಡಿಮೆಯಿಲ್ಲ. 2018ರಲ್ಲಿ ಅಸ್ತಾನಾದಲ್ಲಿ ಕಾಲೇಜು ಸೇರಿ, ನೂರ್‌ಸುಲ್ತಾನಿನಲ್ಲಿ ಅಂಗರಚನಾಶಾಸ್ತ್ರ ಓದಿ, 2023ರಲ್ಲಿ ಅಸ್ತಾನಾದಿಂದ ಪದವಿ ಪಡೆದವನೊಬ್ಬ, ತಾನು ಕಾಲೇಜು ಬದಲಿಸಿಲ್ಲವೆಂದು ಯಾವುದೋ ಕಿಟಕಿಯ ಹಿಂದೆ ಕೂತ ಗುಮಾಸ್ತರಿಗೆ ವಿವರಿಸುವ ದೃಶ್ಯವನ್ನು ಓದುಗರೇ ಊಹಿಸಿಕೊಳ್ಳಬಹುದು.

ಎಲ್ಲವನ್ನೂ ಅಳಿಸಿದರೆಂದೂ ಹೇಳುವಂತಿಲ್ಲ. ರಾಜಧಾನಿ ದಿನಾಚರಣೆ ಈಗಲೂ ಜುಲೈ 6ರಂದೇ ನಡೆಯುತ್ತದೆ; ಅದು ನಜರ್‌ಬಾಯೆವ್ ಅವರ ಜನ್ಮದಿನವೂ ಆಗಿರುವುದು ಪಂಚಾಂಗದ ತಪ್ಪಿರಬೇಕು. ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ಅದರ ಅಂತರರಾಷ್ಟ್ರೀಯ ಸಂಕೇತ ಬಹುಕಾಲ ಟಿಎಸ್ಇ ಎಂದಿದ್ದು, ತ್ಸೆಲಿನೊಗ್ರಾದ್ ಹೋಗಿ ಮೂರು ದಶಕವಾಗುತ್ತಾ ಬಂದರೂ ಪ್ರಯಾಣಿಕರ ಸೂಟ್‌ಕೇಸುಗಳು ಕ್ರುಶ್ಚೇವರ ಕಾಲದ ಊರಿಗೇ ಹೋಗುತ್ತಿದ್ದವು. 2020ರಲ್ಲಿ ಅದನ್ನು ಹುಡುಕಿ, ನೂರ್‌ಸುಲ್ತಾನ್ ಹೆಸರನ್ನು ನೆನಪಿಸುವಂತೆ ಎನ್‌ಕ್ಯೂಜಡ್ ಎಂದು ತಿದ್ದಿದರು. ಎರಡೇ ವರ್ಷದಲ್ಲಿ ಊರಿನ ಹೆಸರು ಹಿಂದಕ್ಕೆ ಹೋಯಿತು, ಸಂಕೇತ ಹೋಗಲಿಲ್ಲ. ಇವತ್ತು ಅಸ್ತಾನಾಕ್ಕೆ ಟಿಕೆಟ್ ಕೊಂಡವರು ಅಸ್ತಾನಾಕ್ಕೇ ಹೋಗುತ್ತಾರೆ, ಅವರ ಲಗೇಜು ಮಾತ್ರ ಇನ್ನೂ ಮಾಜಿ ಅಧ್ಯಕ್ಷರಿಗೆ ನಿಷ್ಠವಾಗಿದೆ.