ಐನ್‌ಸ್ಟೈನ್ ಗಣಿತದಲ್ಲಿ ಫೇಲ್ ಆಗಿರಲಿಲ್ಲ

‘ಐನ್‌ಸ್ಟೈನ್ ಶಾಲೆಯಲ್ಲಿ ಗಣಿತ ಫೇಲ್, ಮಕ್ಕಳಿಗೆ ಬೈಯಬೇಡಿ’ ಎಂಬ ಮೆಸೇಜನ್ನು ಧಾರವಾಡದ ನಮ್ಮ ಪಾಲಕರ ಗುಂಪಿಗೆ ಹಾಕಿದವನು ನಾನೇ. ಅದು ತಪ್ಪು. ಈಗ ಹುಬ್ಬಳ್ಳಿ, ಗದಗ ಸುತ್ತಿ ನನಗೇ ವಾಪಸ್ ಬಂದಿದೆ!

ಮಗಳು ಗಿರಮಿಟ್ ತಿನ್ನುತ್ತಾ ‘ಇದನ್ನ ಎಲ್ಲಿ ಓದಿದಿ, ಅಪ್ಪಾ?’ ಅಂದಳು. ಉತ್ತರ ಇರಲಿಲ್ಲ. (ಪ್ರಶ್ನೆ ಕೇಳು ಅಂತ ಕಲಿಸಿದ್ದೂ ನಾನೇ ಅಲ್ವಾ!) ಇಬ್ಬರೂ ಕೂತು ಹುಡುಕಿದೆವು.

ಸ್ವಿಟ್ಜರ್ಲೆಂಡಿನ ಆರಾವ್ ಶಾಲೆಯ 1896ರ ಅಂಕಪಟ್ಟಿಯಲ್ಲಿ ಅವರಿಗೆ ಬೀಜಗಣಿತಕ್ಕೆ 6, ರೇಖಾಗಣಿತಕ್ಕೆ 6. ಅಲ್ಲಿ 6 ಅಂದರೆ ಎಲ್ಲಕ್ಕಿಂತ ಜಾಸ್ತಿ. 1895ರಲ್ಲಿ ಜೂರಿಕ್ ಪಾಲಿಟೆಕ್ನಿಕ್ ಪ್ರವೇಶ ಪರೀಕ್ಷೆ ಪಾಸಾಗಲಿಲ್ಲ, ನಿಜ. ಆದರೆ ಅಲ್ಲೂ ಗಣಿತದಲ್ಲಿ ಮುಂದಿದ್ದರು.

ಮಕ್ಕಳಿಗೆ ಬೈಯಬೇಡಿ ಅನ್ನೋದು ಸರಿಯೇ. ಅದಕ್ಕೆ ಸುಳ್ಳು ಕತೆ ಬೇಕಿಲ್ಲ. ದಯವಿಟ್ಟು ಆ ಮೆಸೇಜು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲೇ ಇದನ್ನೂ ಹಾಕಿ.