ಬೀಳಿಸುವವರು ಮುಂದಿನ ಹೆಸರನ್ನೂ ಬರೆಯಲಿ

1932ರ ಸೆಪ್ಟೆಂಬರ್ 12, ಬರ್ಲಿನ್‌ನ ಜರ್ಮನ್ ಸಂಸತ್ತು. ಸರ್ಕಾರದ ಮುಖ್ಯಸ್ಥ, ಅಂದರೆ ಚಾನ್ಸಲರ್ ಪಾಪೆನ್ ಕೈಯಲ್ಲಿ ಕೆಂಪು ಕಡತ, ಅದರೊಳಗೆ ಅಧ್ಯಕ್ಷ ಹಿಂಡೆನ್‌ಬರ್ಗ್ ಸಹಿ ಹಾಕಿದ ಸದನ ವಿಸರ್ಜನೆಯ ಆದೇಶ. ಅದನ್ನು ಓದಲು ಪಾಪೆನ್ ಎದ್ದು ನಿಂತರೂ ಸಭಾಧ್ಯಕ್ಷ ಗೋರಿಂಗ್ ಅತ್ತ ಮುಖ ತಿರುಗಿಸಿ ಮತದಾನ ನಡೆಸಿಯೇಬಿಟ್ಟ. ಪಾಪೆನ್ ಕಡತವನ್ನು ಅವನ ಮೇಜಿನ ಮೇಲಿಟ್ಟು ಹೊರನಡೆದ. ಅವಿಶ್ವಾಸಕ್ಕೆ 512 ಮತ, ವಿರುದ್ಧ 42.

ಆ 512ರಲ್ಲಿ ನಾಜಿಗಳೂ ಇದ್ದರು, ಕಮ್ಯುನಿಸ್ಟರೂ ಇದ್ದರು. 608 ಸ್ಥಾನಗಳ ಸದನದಲ್ಲಿ ಈ ಎರಡು ಪಕ್ಷಗಳದ್ದೇ 230 ಮತ್ತು 89, ಅಂದರೆ ಅರ್ಧಕ್ಕಿಂತ ಹೆಚ್ಚು. ಪಾಪೆನ್ ಬೇಡ ಅನ್ನುವುದರಲ್ಲಿ ಒಗ್ಗಟ್ಟು. ಯಾರು ಬೇಕು ಅಂತ ಕೇಳಿದರೆ ಬೀದಿಯಲ್ಲಿ ಹೊಡೆದಾಡುತ್ತಿದ್ದವರು. ಬೀಳಿಸಬಲ್ಲ, ಆದರೆ ಕಟ್ಟಲಾರದ ಇಂಥ ಬಹುಮತ ಅಂದಿನ ಜರ್ಮನಿಯನ್ನು, ಅಂದರೆ ವೈಮಾರ್ ಗಣರಾಜ್ಯವನ್ನು ಒಳಗಿಂದಲೇ ತಿಂದು ಹಾಕಿತು.

ವೈಮಾರ್ ಸಂವಿಧಾನದಲ್ಲಿ ಅಧ್ಯಕ್ಷರ ಕೈಯಲ್ಲಿ ಮೂರು ಕೀಲಿಗಳಿದ್ದವು: 25ನೇ ವಿಧಿಯಡಿ ಸದನ ವಿಸರ್ಜನೆ, 48ನೇ ವಿಧಿಯಡಿ ತುರ್ತು ಆಜ್ಞೆ, 53ನೇ ವಿಧಿಯಡಿ ಚಾನ್ಸಲರ್ ನೇಮಕ. ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಸದನವೇ ಬೇಕಿರಲಿಲ್ಲ. 1930ರ ಜುಲೈ 18ರಂದು ಚಾನ್ಸಲರ್ ಬ್ರೂನಿಂಗ್ ಸರ್ಕಾರದ ತುರ್ತು ಆಜ್ಞೆಯನ್ನು ಸದನ ರದ್ದು ಮಾಡಿತು. ಅಂದೇ ಸದನ ವಿಸರ್ಜನೆಯಾಯಿತು, ಕೆಲವೇ ದಿನಗಳಲ್ಲಿ ಆಜ್ಞೆ ಮತ್ತೆ ಹೊರಬಿತ್ತು. ಸೆಪ್ಟೆಂಬರ್ ಚುನಾವಣೆಯಲ್ಲಿ ನಾಜಿಗಳು 12 ಸ್ಥಾನದಿಂದ 107ಕ್ಕೆ ಜಿಗಿದರು. 1932ರಲ್ಲಿ ಇಡೀ ವರ್ಷಕ್ಕೆ ಸದನ ಮಾಡಿದ ಕಾನೂನು ಐದೇ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ 1949ರಲ್ಲಿ ನಮ್ಮ ಸಂವಿಧಾನ ಸಭೆಯಲ್ಲಿ ತುರ್ತುಪರಿಸ್ಥಿತಿಯ ವಿಧಿಗಳ ಚರ್ಚೆ ನಡೆದಾಗ ಇದೇ ಉದಾಹರಣೆ ಎತ್ತಿ ಎಚ್ಚರಿಸಿದ್ದರು. ತುರ್ತು ಅಧಿಕಾರದ ಪಾಠ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಕಟ್ಟಲಾರದ ಬಹುಮತದ ಪಾಠದ ಬಗ್ಗೆ ಮಾತು ಕಡಿಮೆ.

ನಾವಿರುವ ಈ ಜರ್ಮನಿ ಆ ಪಾಠವನ್ನು 1949ರ ಮೂಲಕಾಯ್ದೆಯ (ಅಂದರೆ ಸಂವಿಧಾನದ) 67ನೇ ವಿಧಿಯಲ್ಲಿ ಬರೆದಿಟ್ಟಿದೆ. ಚಾನ್ಸಲರ್ ಮೇಲೆ ವಿಶ್ವಾಸವಿಲ್ಲ ಎಂದಷ್ಟೇ ಹೇಳಿದರೆ ಇಲ್ಲಿ ಸರ್ಕಾರ ಬೀಳುವುದಿಲ್ಲ. ಅದೇ ಮತದಾನದಲ್ಲಿ ಮುಂದಿನ ಚಾನ್ಸಲರನ್ನೂ ಆರಿಸಬೇಕು. ಗೊತ್ತುವಳಿಗೂ ಮತದಾನಕ್ಕೂ ನಡುವೆ 48 ಗಂಟೆ ಕಳೆಯಬೇಕು. ಬಹುಮತದ ಲೆಕ್ಕ ಹಾಜರಿದ್ದವರ ಮೇಲಲ್ಲ, ಒಟ್ಟು ಸದಸ್ಯರ ಮೇಲೆ. ಆದ್ದರಿಂದ ಗೈರುಹಾಜರಾದರೂ ತಟಸ್ಥರಾದರೂ ಹಾಲಿ ಸರ್ಕಾರಕ್ಕೇ ಲಾಭ. ಇಷ್ಟು ವರ್ಷಗಳಲ್ಲಿ ಇದು ಗೆದ್ದದ್ದು ಒಂದೇ ಸಲ: 1982ರ ಅಕ್ಟೋಬರ್ 1ರಂದು ಷ್ಮಿಟ್ ಹೋಗಿ ಕೋಲ್ ಬಂದರು, 256 ಮತಗಳಿಂದ. ದೇಶ ಒಂದು ದಿನವೂ ಚಾನ್ಸಲರ್ ಇಲ್ಲದೆ ಕಳೆಯಲಿಲ್ಲ.

ನಮ್ಮ ಕಡೆ ನೋಡಿ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದು ಮತದಿಂದ ಬಿತ್ತು. ಬೀಳಿಸಿದವರಿಗೆ ಬದಲಿ ಸರ್ಕಾರ ರಚಿಸಲು ಆಗಲಿಲ್ಲ. ದೇಶ ಅಕ್ಟೋಬರ್‌ವರೆಗೆ ಉಸ್ತುವಾರಿ ಸರ್ಕಾರದಲ್ಲಿ ನಡೆಯಿತು, ಕಾರ್ಗಿಲ್ ಯುದ್ಧವೂ ಅದೇ ಹೊತ್ತಿನಲ್ಲಿ. ಕರ್ನಾಟಕದಲ್ಲಿ 2019ರ ಜುಲೈ 23ರಂದು ಕುಮಾರಸ್ವಾಮಿ ವಿಶ್ವಾಸಮತ ಸೋತದ್ದು 99ಕ್ಕೆ 105ರಿಂದ. 224 ಸ್ಥಾನಗಳ ಸದನದಲ್ಲಿ ಅರ್ಧ ದಾಟಲು 113 ಬೇಕು. ಜರ್ಮನಿಯ ಲೆಕ್ಕದಲ್ಲಿ 105 ಸಾಲುವುದೇ ಇಲ್ಲ, ಮುಂಬೈ ಹೋಟೆಲಿನಲ್ಲಿ ಕೂತ ಬಂಡಾಯ ಶಾಸಕರ ಗೈರುಹಾಜರಿ ಯಾರನ್ನೂ ಬೀಳಿಸುತ್ತಿರಲಿಲ್ಲ. ಪಕ್ಷ ಯಾವುದೇ ಇರಲಿ, ನನ್ನ ತಕರಾರು ಆ ಪದ್ಧತಿಯ ಮೇಲೆ. ಬಹುಮತ ರಾಜಭವನದಲ್ಲಲ್ಲ, ಸದನದಲ್ಲೇ ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟಿನ 1994ರ ಬೊಮ್ಮಾಯಿ ತೀರ್ಪು ಹೇಳಿತು. ಅದು ದೊಡ್ಡ ಗೆಲುವೇ. ಆದರೆ ಸದನ ಇವತ್ತಿಗೂ ಉತ್ತರಿಸುವುದು ಅರ್ಧ ಪ್ರಶ್ನೆಗೆ ಮಾತ್ರ.

ಜರ್ಮನ್ ಪದ್ಧತಿಯನ್ನು ಹಾಗೇ ಎತ್ತಿ ತಂದರೆ ಕೆಡುತ್ತದೆ. ಇಲ್ಲಿ ಈ ಮತದಾನ ಗೌಪ್ಯ. 1972ರಲ್ಲಿ ಚಾನ್ಸಲರ್ ಬ್ರಾಂಟ್ ವಿರುದ್ಧ ವಿರೋಧ ಪಕ್ಷದ ನಾಯಕ ಬಾರ್ಜೆಲ್‌ಗೆ 249 ಬೇಕಿತ್ತು, ಬಿದ್ದದ್ದು 247. ಪೂರ್ವ ಜರ್ಮನಿಯ ಗುಪ್ತಚರ ಸಂಸ್ಥೆ ದುಡ್ಡು ಕೊಟ್ಟು ಮತ ಕೊಂಡಿದ್ದು ಆಮೇಲೆ ಬಯಲಾಯಿತು. ಹಾಗಾಗಿ ನಮ್ಮಲ್ಲಿ ಇದನ್ನು ತರುವುದಾದರೆ ಕೈ ಎತ್ತಿ ಹೆಸರು ದಾಖಲಿಸಿಯೇ ಮತ ಹಾಕುವಂತಿರಬೇಕು. ಇನ್ನೊಂದು ತೊಡಕು ರಾಜೀನಾಮೆಯದು. ಇಲ್ಲಿ ಸದಸ್ಯರೊಬ್ಬರು ರಾಜೀನಾಮೆ ಕೊಟ್ಟರೆ ಸಾಮಾನ್ಯವಾಗಿ ಅದೇ ಪಕ್ಷದ ಪಟ್ಟಿಯ ಮುಂದಿನವರು ಬಂದು ಕೂರುತ್ತಾರೆ, ಸದನದ ಬಲ ಕುಗ್ಗುವುದಿಲ್ಲ. ನಮ್ಮಲ್ಲಿ ಉಪಚುನಾವಣೆವರೆಗೆ ಸ್ಥಾನ ಖಾಲಿ, ಸಾಕಷ್ಟು ಜನ ರಾಜೀನಾಮೆ ಕೊಟ್ಟರೆ ಬಹುಮತದ ಗೆರೆಯೇ ಕೆಳಗಿಳಿಯುತ್ತದೆ. ಹಾಗಾಗಿ ಲೆಕ್ಕವನ್ನು ಒಟ್ಟು ಸ್ಥಾನಗಳ ಮೇಲೆ ಕಟ್ಟಬೇಕು, ಉಳಿದ ಸದಸ್ಯರ ಮೇಲಲ್ಲ.

ಬಹುಮತ ಕಳೆದುಕೊಂಡವರು ಕುರ್ಚಿಗೆ ಅಂಟಿ ಕೂರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಮೂಲಕಾಯ್ದೆಯ 68ನೇ ವಿಧಿಯ ಬಾಗಿಲಿದೆ: ಚಾನ್ಸಲರ್ ತಾವೇ ವಿಶ್ವಾಸಮತ ಕೇಳಿ ಸೋತರೆ ಚುನಾವಣೆಗೆ ಹೋಗಬಹುದು. 2024ರ ಡಿಸೆಂಬರ್ 16ರಂದು ಚಾನ್ಸಲರ್ ಶೋಲ್ಟ್ಸ್ ತಾವಾಗಿಯೇ ವಿಶ್ವಾಸಮತ ಕೇಳಿದರು, 207ಕ್ಕೆ 394ರಿಂದ ಸೋತರು, ಫೆಬ್ರವರಿ 23ಕ್ಕೆ ಚುನಾವಣೆ ಮುಗಿಯಿತು.

ಸಂವಿಧಾನದ 75 ಮತ್ತು 164ನೇ ವಿಧಿಗಳಿಗೆ ತಿದ್ದುಪಡಿ ತಂದರೆ ವಿಧಾನಸೌಧದ ಗೊತ್ತುವಳಿ ಹೀಗಿರಬಹುದು: ಮೊದಲ ಸಾಲಿನಲ್ಲಿ ಇಂಥ ಮುಖ್ಯಮಂತ್ರಿಯ ಮೇಲೆ ವಿಶ್ವಾಸವಿಲ್ಲ, ಎರಡನೆಯದರಲ್ಲಿ ಅವರ ಜಾಗಕ್ಕೆ ಇಂಥವರನ್ನು ಆರಿಸುತ್ತೇವೆ, ನಂತರ 48 ಗಂಟೆ ಕಾಯುವುದು, ಆಮೇಲೆ ಒಬ್ಬೊಬ್ಬರ ಹೆಸರು ಕೂಗಿ ಎಣಿಕೆ. 113 ಬಂದರೆ ಮಾತ್ರ ಎರಡೂ ಸಾಲು ಜಾರಿ, ಬರದಿದ್ದರೆ ಎರಡೂ ರದ್ದು.